ಗ್ರಾಮಸಭೆ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಜಮಾ-ಖರ್ಚಿನ ಪಟ್ಟಿಯನ್ನು ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳುತ್ತಾರೆ. ಗೊಬ್ಬರದ ಮೂಟೆಗೆ ಹಮಾಲಿ ಎಷ್ಟಾಯಿತೆಂದೂ ವಿಚಾರಿಸುತ್ತಾರೆ. ಇದು ಸಂತೋಷದ ವಿಷಯ. ಆದರೆ ಇದೇ ಸದಸ್ಯರಲ್ಲಿ ಅನೇಕರು ತಮ್ಮೂರಿನ ಗ್ರಾಮಸಭೆಯತ್ತ ಸುಳಿಯುವುದಿಲ್ಲ. ಕಾಫಿ ಕೊಯ್ಲು, ಅಡಿಕೆ ಸುಲಿತ, ಮಳೆಗೆ ಮುಂಚೆ ಔಷಧಿ ಹೊಡೆಯುವುದು, ಹೀಗೆ ಕೆಲಸಕ್ಕೆ ಕೊನೆಯಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಲಾರದೆ ಮಕ್ಕಳು ಶಾಲೆಗೆ ಹೋಗದಿದ್ದಾಗ, ಪಂಚಾಯಿತಿಯವರು ಕಾಲುಸಂಕ ಹಾಕಿಸಲಿಲ್ಲವೆಂದು ದೂರುತ್ತೇವೆ. ಆ ಬೇಡಿಕೆಯನ್ನು ಯಾವ ಸಭೆಯಲ್ಲಿ ಬರೆಸಲಾಗಿತ್ತು ಎಂದರೆ ಉತ್ತರವಿಲ್ಲ.

ಗ್ರಾಮಸಭೆಯೆಂದರೆ ಯಾರು?

ಸಂವಿಧಾನದ 73ನೆಯ ತಿದ್ದುಪಡಿ 24-4-1993ರಿಂದ ಜಾರಿಗೆ ಬಂದಿತು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆಯೂ ಅದೇ ವರ್ಷದ್ದು. ಇವುಗಳ ಪ್ರಕಾರ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ತೋಟದ ಮಾಲೀಕರಂತೆ ತೋಟದ ಲೈನಿನಲ್ಲಿರುವ ಕೂಲಿಗಾರರೂ ಸದಸ್ಯರೇ.

ಮೊದಲ ಮೆಟ್ಟಿಲು ವಾರ್ಡ್ ಸಭೆ. ವಾರ್ಡಿನ ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ನಿಶ್ಚಯಿಸುವುದು ಹಾಗೂ ಫಲಾನುಭವಿಗಳ ಪಟ್ಟಿ ಮಾಡುವುದು ಅಲ್ಲಿಯೇ. ಗ್ರಾಮಸಭೆ ಅವನ್ನು ಒಟ್ಟುಗೂಡಿಸುತ್ತದೆ. ಎರಡೂ ಸಭೆಗಳು ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ವಾರ್ಡ್ ಸಭೆಯಲ್ಲಿ ಬಾರದ ಬೇಡಿಕೆಯನ್ನು ಗ್ರಾಮಸಭೆಯ ಕೊನೆಯ ಗಳಿಗೆಯಲ್ಲಿ ಎತ್ತಿದರೆ ಅದು ಪಟ್ಟಿಯ ತುದಿಗೆ ಬೀಳುವುದು ಸಹಜ.

ಹಣದ ಲೆಕ್ಕವೂ ತಿಳಿದಿರಲಿ. 2021-22ರಿಂದ 2025-26ರವರೆಗಿನ 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದಾಗಿತ್ತು. ಊರಿನ ಇತರ ಅಗತ್ಯಗಳಿಗೆ ಉಳಿದದ್ದು ಶೇ. 40 ಮಾತ್ರ. ಯಾವ ಕೆಲಸಕ್ಕೆ ಯಾವ ಬಾಬಿನ ಹಣ ಬರುತ್ತದೆಂದು ಕೇಳಿಕೊಂಡು ಬೇಡಿಕೆ ಇಟ್ಟರೆ ಮಾತಿಗೆ ತೂಕ ಬರುತ್ತದೆ.

ಅರಣ್ಯ ಹಕ್ಕಿನ ಅರ್ಜಿ

2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಅರ್ಜಿಯ ಮೊದಲ ತೀರ್ಮಾನ ಗ್ರಾಮಸಭೆಯದೇ. ಅದು ಆರಿಸಿದ 10ರಿಂದ 15 ಜನರ ಸಮಿತಿ ಸ್ಥಳಪರಿಶೀಲನೆ ನಡೆಸುತ್ತದೆ. 13-12-2005ಕ್ಕೆ ಮುಂಚಿನ ಅನುಭೋಗ ತೋರಿಸಬೇಕು. ಪರಿಶಿಷ್ಟ ಪಂಗಡಕ್ಕೆ ಸೇರದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸಕ್ಕೆ ಆಧಾರ ಕೊಡಬೇಕು. ಈ ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರ ಹಾಜರಿ ಬೇಕು. ಹಾಜರಾದವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ನಾವು ಮನೆಯಲ್ಲಿ ಕುಳಿತರೆ ನೆರೆಯ ಬಡವನ ಅರ್ಜಿಯೂ ಕೋರಂ ಇಲ್ಲದೆ ನಿಲ್ಲುತ್ತದೆ.

ಸದಸ್ಯರು ಮಾಡಬೇಕಾದುದು

1. ಸಭೆಯ ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿರಿ. ಕೊಯ್ಲಿನ ಕಾಲವಾದರೆ ಮನೆಗೊಬ್ಬರಾದರೂ ಹೋಗಲಿ.

2. ಬೇಡಿಕೆಯನ್ನು ಲಿಖಿತವಾಗಿ ಕೊಡಿರಿ. ಹಳ್ಳ ಯಾವುದು, ದಾಟುವ ಮನೆಗಳೆಷ್ಟು, ಶಾಲೆಯ ಮಕ್ಕಳೆಷ್ಟು ಎಂಬುದನ್ನು ನಮೂದಿಸಿರಿ. "ನನ್ನ ತೋಟದ ದಾರಿ" ಎಂಬುದಕ್ಕಿಂತ ಹತ್ತು ಮನೆಯವರು ಸಹಿ ಹಾಕಿದ ಅರ್ಜಿಗೆ ಬೆಲೆ ಹೆಚ್ಚು.

3. ಚರ್ಚೆ ಮುಗಿದೊಡನೆ ಎದ್ದು ಬರಬೇಡಿರಿ. ಠರಾವು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟಿತೇ ಎಂದು ಓದಿಸಿ ಕೇಳಿರಿ. ಬಾಯಿಮಾತಿನ ಭರವಸೆಗೆ ಮುಂದಿನ ಸಭೆಯಲ್ಲಿ ಸಾಕ್ಷಿಯಿಲ್ಲ.

4. ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿರಿ. 30 ದಿನಗಳೊಳಗೆ ಉತ್ತರ ಬರಬೇಕು.

5. ಸಭೆಯ ದಿನ ಕೂಲಿಯವರಿಗೆ ಅರ್ಧ ದಿನ ಬಿಡುವು ಕೊಡಿರಿ. ಮನೆ ಹಂಚಿಕೆಯ ಪಟ್ಟಿಯಲ್ಲಿ ಅವರ ಹೆಸರಿನ ಪ್ರಶ್ನೆಯೂ ಅಲ್ಲಿಯೇ ಬರುತ್ತದೆ.

ಕೋರಂ, ನಡಾವಳಿ, ಠರಾವು ಎಂಬ ಮಾತುಗಳು ಸಹಕಾರಿಗಳಾದ ನಮಗೆ ಹೊಸವಲ್ಲ. ಸಂಘದಲ್ಲಿ ಕಲಿತದ್ದನ್ನು ಊರಿನ ಸಭೆಯಲ್ಲಿಯೂ ಉಪಯೋಗಿಸಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ