ನಗರವೂ ಹಳ್ಳಿಯೂ

ಒಂದು ದೇಶದ ಸಂಪತ್ತು ಹೆಚ್ಚಿದ ಮಾತ್ರಕ್ಕೆ ಅಲ್ಲಿಯ ಜನರೆಲ್ಲರ ಬಾಳು ಹಸನಾಯಿತೆಂದು ಹೇಳಲಾಗದು. ಸಂಪತ್ತು ಎಲ್ಲಿ ಹುಟ್ಟಿತು, ಎಲ್ಲಿ ನೆಲೆಸಿತು, ಯಾರ ಕೈ ಸೇರಿತು ಎಂಬುದನ್ನೂ ವಿಚಾರಿಸಬೇಕು. ಇದಕ್ಕೆ ದೂರದ ದೇಶಗಳ ಉದಾಹರಣೆ ಬೇಕಿಲ್ಲ. ಧಾರವಾಡ ಜಿಲ್ಲೆಯ ಸುಳ್ಳ ಗ್ರಾಮವನ್ನೂ ಅದರ ನೆರೆಯ ಹುಬ್ಬಳ್ಳಿ ನಗರವನ್ನೂ ನೋಡಿದರೆ ಸಾಕು.

ಸುಳ್ಳದ ಸುತ್ತಣ ಸೀಮೆ ಕಪ್ಪು ಎರೆಭೂಮಿಯದು. ಹತ್ತಿ, ಜೋಳ, ಕಡಲೆ, ಗೋದಿ, ಮೆಣಸಿನಕಾಯಿ ಈ ಸೀಮೆಯ ಬೆಳೆಗಳು. ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ರೈತನು ಬಿತ್ತಿ, ಹರಗಿ, ಕಳೆ ತೆಗೆದು ಬೆಳೆದ ಹತ್ತಿಯನ್ನು ಪೇಟೆಗೆ ಸಾಗಿಸುತ್ತಾನೆ. ಅಲ್ಲಿಂದ ಮುಂದೆ ಬೀಜ ಬೇರ್ಪಟ್ಟು, ಅರಳೆ ಅಂಡಿಗೆಯಾಗಿ, ನೂಲಾಗಿ, ಕಡೆಗೆ ಬಟ್ಟೆಯಾಗುತ್ತದೆ. ಒಂದೊಂದು ಹಂತದಲ್ಲಿಯೂ ಬೆಲೆ ಏರುತ್ತದೆ. ಕೆಲವರಿಗೆ ಕೂಲಿ, ಕೆಲವರಿಗೆ ಲಾಭ ದೊರೆಯುತ್ತದೆ. ಆದರೆ ಈ ಹಂತಗಳು ಬಹುಮಟ್ಟಿಗೆ ನಡೆಯುವುದು ಹಳ್ಳಿಯ ಹೊರಗೆ. ಮಳೆ ಕೈಕೊಟ್ಟಾಗ ಆಗುವ ನಷ್ಟ ಮಾತ್ರ ರೈತನ ಮನೆಯಲ್ಲಿಯೇ ಉಳಿಯುತ್ತದೆ. ಅವನೇ ಬಟ್ಟೆ ಕೊಳ್ಳಲು ಹೋದಾಗ ಎಲ್ಲ ಹಂತಗಳ ಬೆಲೆಯನ್ನೂ ತೆರಬೇಕಾಗುತ್ತದೆ.

ಹುಬ್ಬಳ್ಳಿಯ ಬೆಳವಣಿಗೆ ಬೇರೆ ಬಗೆಯದು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಅಲ್ಲಿಗೆ ರೈಲು ಬಂದಿತು. ರೈಲ್ವೆ ಕಾರ್ಯಾಗಾರವೂ ಸ್ಥಾಪನೆಯಾಯಿತು. ಅದರೊಡನೆ ಹತ್ತಿಯ ವ್ಯಾಪಾರ ಬೆಳೆಯಿತು. 1957ರಲ್ಲಿ ವೈದ್ಯಕೀಯ ಕಾಲೇಜು, 1962ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಬಂದವು. ಒಂದು ಸೌಕರ್ಯ ಮತ್ತೊಂದನ್ನು ಸೆಳೆಯಿತು. ಇದಕ್ಕಾಗಿ ನಗರವನ್ನು ಹಳಿಯುವುದು ಸಲ್ಲದು. ಹಳ್ಳಿಗೂ ಪೇಟೆ ಬೇಕು, ಆಸ್ಪತ್ರೆ ಬೇಕು. ಎಲ್ಲವೂ ಒಂದೆಡೆಯೇ ಕೂಡಿದಾಗ ಉಳಿದೆಡೆ ಬರಿದಾಗುವುದೇ ಇಲ್ಲಿಯ ತೊಡಕು.

ಇಂಥ ಅಸಮತೆ ನಾಡಿನ ಪ್ರದೇಶ ಪ್ರದೇಶಗಳ ನಡುವೆಯೂ ಉಂಟು. ಇದನ್ನು ಅಳೆಯಲು ಕರ್ನಾಟಕ ಸರ್ಕಾರವು 2000ದಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. 2002ರ ಅದರ ವರದಿಯಂತೆ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಅಂತರ ಎಷ್ಟೆಂಬುದು ಇದರಿಂದ ನಾಡಿಗೆ ಸ್ಪಷ್ಟವಾಯಿತು.

ಆದರೆ ಸರಾಸರಿಯ ಲೆಕ್ಕವನ್ನು ಎಚ್ಚರದಿಂದ ಓದಬೇಕು. ನಗರದ ಆಸ್ಪತ್ರೆ, ಬ್ಯಾಂಕು, ಕಾಲೇಜುಗಳನ್ನು ಸೇರಿಸಿ ಎಣಿಸಿದರೆ ಇಡೀ ತಾಲ್ಲೂಕು ಮುಂದುವರಿದಂತೆ ಕಾಣಬಹುದು. ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡ ಹಳ್ಳಿಯ ತಾಯಿಗೆ ಆ ಸರಾಸರಿಯಿಂದ ವಾಹನ ದೊರೆಯದು.

ಹಾಗಾದರೆ ಪರಿಹಾರವೇನು? ಬೆಳೆದ ಮಾಲನ್ನು ಹದಗೊಳಿಸುವ ಉದ್ಯಮ, ಬೆಲೆ ಬರುವವರೆಗೆ ಕಾಯ್ದಿಡಲು ಉಗ್ರಾಣ, ಸುಲಭ ಬಡ್ಡಿಯ ಸಾಲ, ಒಳ್ಳೆಯ ಶಾಲೆ ಇವು ಹಳ್ಳಿಯ ಬಳಿಗೇ ಬರಬೇಕು. ಸರ್ಕಾರ ಮಾಡಬೇಕಾದುದು ಬಹಳ. ಜನರು ಕೂಡಿ ಮಾಡಬಹುದಾದುದೂ ಉಂಟು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಭಾರತದ ಸಹಕಾರ ಚಳವಳಿಗೆ ದಾರಿ ತೋರಿದುದು ಇಂಥದೊಂದು ಹಳ್ಳಿಯೇ ಎಂಬುದನ್ನು ಮರೆಯಲಾಗದು.

ಹಳ್ಳಿಯ ತರುಣರು ನಗರಕ್ಕೆ ಹೋಗುವುದು ತಪ್ಪಲ್ಲ. ವಿದ್ಯೆಗಾಗಿ, ಇಷ್ಟದ ಉದ್ಯೋಗಕ್ಕಾಗಿ ಅವರು ಹೋಗಲಿ. ಆದರೆ ಊರಲ್ಲಿ ಬಾಳಲಾಗದೆಂಬ ಕಾರಣಕ್ಕೆ ಹೊರಡುವ ಸ್ಥಿತಿ ಯಾರಿಗೂ ಬರಬಾರದು. ಹೋಗುವುದೂ ಉಳಿಯುವುದೂ ಅವರವರ ಇಚ್ಛೆಯಾದ ದಿನ ನಾಡು ಸಮನಾಗಿ ಬೆಳೆಯಿತೆಂದು ತಿಳಿಯಬಹುದು.