ಹೋಮ್ ಥಿಯೇಟರ್ ರಿಸೀವರ್: ಚಿತ್ರಕ್ಕೊಂದು ದಾರಿ, ಧ್ವನಿಗೊಂದು ದಾರಿ

ಹೋಮ್ ಥಿಯೇಟರ್ ರಿಸೀವರ್ ಮೂರು ಕೆಲಸಗಳನ್ನು ಹೊತ್ತ ಪೆಟ್ಟಿಗೆ. ಸೆಟ್‌ಟಾಪ್ ಬಾಕ್ಸ್, ಬ್ಲೂ-ರೇ ಪ್ಲೇಯರ್, ಗೇಮ್ ಕನ್ಸೋಲ್‌ಗಳಲ್ಲಿ ಯಾವುದರ ಸಿಗ್ನಲ್ ಬೇಕೋ ಅದನ್ನು ಆರಿಸುತ್ತದೆ. ಅದರೊಳಗಿನ ಧ್ವನಿಯನ್ನು ಬಿಡಿಸಿಕೊಂಡು ಸ್ಪೀಕರ್‌ಗಳನ್ನು ನುಡಿಸುತ್ತದೆ. ಚಿತ್ರವನ್ನು ಟಿವಿಗೋ ಪ್ರೊಜೆಕ್ಟರಿಗೋ ದಾಟಿಸುತ್ತದೆ. ಧ್ವನಿಯ ಕೆಲಸದಲ್ಲಿ ಅದು ಬೇಗ ಹಳತಾಗುವುದಿಲ್ಲ. ಒಳ್ಳೆಯ ಆಂಪ್ಲಿಫೈಯರ್ ಹದಿನೈದು ವರ್ಷ ಕಳೆದರೂ ಒಳ್ಳೆಯ ಆಂಪ್ಲಿಫೈಯರಾಗಿಯೇ ಉಳಿಯುತ್ತದೆ. ಚಿತ್ರದ ಮಾನಕಗಳು ಮಾತ್ರ ಕೆಲವೇ ವರ್ಷಗಳಿಗೊಮ್ಮೆ ಬದಲಾಗುತ್ತವೆ. ಒಂದೇ ಪೆಟ್ಟಿಗೆಯ ಈ ಎರಡು ಭಾಗಗಳ ಆಯುಷ್ಯ ಬೇರೆ ಬೇರೆ ಎಂದು ತಿಳಿದು ಜೋಡಣೆ ಮಾಡಬೇಕು ಎಂಬುದೇ ಅನುಭವ ಕಲಿಸುವ ಮೊದಲ ಪಾಠ.

ಅನಲಾಗ್ ಕಾಲ

2002ರ ಡಿಸೆಂಬರಿನಲ್ಲಿ ಎಚ್‌ಡಿಎಂಐ ಬರುವ ಮೊದಲು ಚಿತ್ರಕ್ಕೆ ಮುಖ್ಯವಾಗಿ ಮೂರು ಬಗೆಯ ಕೇಬಲ್‌ಗಳು ಬಳಕೆಯಲ್ಲಿದ್ದವು. ಹಳದಿ ತುದಿಯ ಕಾಂಪೊಸಿಟ್ ಕೇಬಲ್‌ನಲ್ಲಿ ಬೆಳಕಿನ ಮತ್ತು ಬಣ್ಣದ ಮಾಹಿತಿ ಒಂದೇ ತಂತಿಯಲ್ಲಿ ಬೆರೆತು ಹೋಗುತ್ತಿತ್ತು. ಎಸ್-ವಿಡಿಯೊ ಅವೆರಡನ್ನು ಬೇರ್ಪಡಿಸಿತು. ಹಸಿರು, ನೀಲಿ, ಕೆಂಪು ತುದಿಗಳ ಕಾಂಪೊನೆಂಟ್ ಕೇಬಲ್ ಬಣ್ಣವನ್ನೂ ಎರಡಾಗಿ ವಿಂಗಡಿಸಿ 1080ಐನಂಥ ಹೈ ಡೆಫಿನಿಷನ್ ಚಿತ್ರವನ್ನೂ ಸಾಗಿಸಿತು.

ಆ ಕಾಲದ ಹೆಚ್ಚಿನ ರಿಸೀವರ್‌ಗಳು ಈ ಮೂರನ್ನೂ ಸ್ವೀಕರಿಸುತ್ತಿದ್ದವು, ಆದರೆ ಒಂದನ್ನು ಇನ್ನೊಂದಾಗಿ ಮಾರ್ಪಡಿಸುತ್ತಿರಲಿಲ್ಲ. ಹಳದಿ ಇನ್‌ಪುಟ್‌ಗೆ ಬಂದ ಚಿತ್ರ ಹಳದಿ ಔಟ್‌ಪುಟ್‌ನಿಂದ ಮಾತ್ರ ಹೊರಡುತ್ತಿತ್ತು. ಟಿವಿಗೆ ಕಾಂಪೊನೆಂಟ್ ಕೇಬಲ್ ಎಳೆದು, ಸೆಟ್‌ಟಾಪ್ ಬಾಕ್ಸನ್ನು ಹಳದಿ ತಂತಿಯಲ್ಲಿ ಸೇರಿಸಿದರೆ ಧ್ವನಿ ಕೇಳಿಸಿ ಪರದೆ ಕಪ್ಪಾಗಿರುತ್ತಿತ್ತು. ಕೆಲವು ರಿಸೀವರ್‌ಗಳ ಸೆಟಪ್ ಮೆನು ಕೂಡ ಹಳದಿ ಔಟ್‌ಪುಟ್‌ನಲ್ಲಿ ಮಾತ್ರ ಕಾಣುತ್ತಿತ್ತು. ಅನಲಾಗ್ ಚಿತ್ರವನ್ನು ಎಚ್‌ಡಿಎಂಐಗೆ ಏರಿಸಿಕೊಡುವ ಮಾದರಿಗಳು ಆಮೇಲೆ ಬಂದವು. ಆದರೆ ಎಚ್‌ಡಿಎಂಐನಲ್ಲಿ ಬಂದ ಸಂರಕ್ಷಿತ ಚಿತ್ರವನ್ನು ಅನಲಾಗ್‌ಗೆ ಇಳಿಸಲು ನಕಲು ತಡೆಯ ನಿಯಮಗಳು ಬಿಡುವುದಿಲ್ಲ. ಬ್ಲೂ-ರೇ ಪ್ಲೇಯರ್‌ಗಳಲ್ಲೂ ಇದೇ ನಿರ್ಬಂಧ ಬಿಗಿಯಾಯಿತು. 2010ರ ನಂತರ ತಯಾರಾದವು ಸಂರಕ್ಷಿತ ಡಿಸ್ಕಿನ ಚಿತ್ರವನ್ನು ಅನಲಾಗ್‌ನಲ್ಲಿ ಸಾಧಾರಣ ಗುಣಮಟ್ಟಕ್ಕೆ ಇಳಿಸಿ ಕೊಟ್ಟವು. 2013ರ ನಂತರದವು ಅದನ್ನೂ ನಿಲ್ಲಿಸಿದವು.

ಒಂದು ಕೇಬಲ್, ಹಲವು ಒಪ್ಪಂದ

ಎಚ್‌ಡಿಎಂಐ ಬಂದಾಗ ತಂತಿಗಳ ಗೋಜಲು ತಗ್ಗಿತು, ಹೊಂದಾಣಿಕೆಯ ಸಮಸ್ಯೆ ಬೇರೆ ರೂಪ ತಾಳಿತು. 19 ಪಿನ್‌ಗಳ ಈ ಕೇಬಲ್‌ನಲ್ಲಿ ಚಿತ್ರ ಹರಿಯುವ ಮೊದಲು ಉಪಕರಣಗಳು ತಮ್ಮೊಳಗೆ ಕೆಲವು ಒಪ್ಪಂದ ಮಾಡಿಕೊಳ್ಳಬೇಕು. ತಂತ್ರಜ್ಞರು ಇದನ್ನು ಹ್ಯಾಂಡ್‌ಶೇಕ್ ಎನ್ನುತ್ತಾರೆ.

ಮೊದಲನೆಯದು ಸಾಮರ್ಥ್ಯದ ವಿವರ. ಟಿವಿ ತಾನು ತೋರಿಸಬಲ್ಲ ರೆಸಲ್ಯೂಷನ್, ರಿಫ್ರೆಶ್ ದರ, ಬಣ್ಣದ ವಿಧಾನಗಳ ಪಟ್ಟಿಯನ್ನು ಇಡಿಐಡಿ ಎಂಬ ದತ್ತಾಂಶದಲ್ಲಿ ಇಟ್ಟುಕೊಂಡಿರುತ್ತದೆ. ರಿಸೀವರ್ ಅದನ್ನು ಓದಿ, ತನ್ನ ಧ್ವನಿ ಸಾಮರ್ಥ್ಯವನ್ನು ಸೇರಿಸಿ, ತಾನು ದಾಟಿಸಲಾರದ್ದನ್ನು ಕಳೆದು ಪ್ಲೇಯರಿಗೆ ತೋರಿಸುತ್ತದೆ. ಪ್ಲೇಯರ್ ಕಳಿಸುವುದು ಆ ಪಟ್ಟಿಯಲ್ಲಿ ಇರುವುದನ್ನು ಮಾತ್ರ. 4ಕೆ ಟಿವಿ ಮತ್ತು 1080ಪಿ ಪ್ರೊಜೆಕ್ಟರ್ ಎರಡನ್ನೂ ಒಂದೇ ರಿಸೀವರಿಗೆ ಸೇರಿಸಿ ಎರಡನ್ನೂ ಚಾಲೂ ಇಟ್ಟರೆ, ಟಿವಿಯ ಚಿತ್ರ ಸಾಮಾನ್ಯವಾಗಿ 1080ಪಿಗೆ ಇಳಿಯುವುದು ಈ ಕಾರಣದಿಂದಲೇ. ಬಳಸದ ಪರದೆಯ ಔಟ್‌ಪುಟ್ ಮುಚ್ಚಿದರೆ ಚಿತ್ರ ಸರಿಹೋಗುತ್ತದೆ.

ಎರಡನೆಯದು ಎಚ್‌ಡಿಸಿಪಿ ಎಂಬ ನಕಲು ತಡೆ. ಇದರಲ್ಲಿ ರಿಸೀವರ್ ನಡುವಿನ ಕೊಂಡಿ. ಪ್ಲೇಯರಿಗೆ ತನ್ನನ್ನೂ ತನ್ನ ಮುಂದಿರುವ ಟಿವಿಯನ್ನೂ ಅದು ಅಧಿಕೃತವೆಂದು ರುಜುವಾತು ಮಾಡಬೇಕು. 4ಕೆ ಡಿಸ್ಕ್ ಮತ್ತು ಸ್ಟ್ರೀಮಿಂಗ್ ಚಿತ್ರಗಳು ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಕೇಳುತ್ತವೆ. ಸರಪಳಿಯಲ್ಲಿ ಒಂದೇ ಒಂದು ಉಪಕರಣ ಹಳೆಯ 1.4ರಲ್ಲಿದ್ದರೂ ಚಿತ್ರ 1080ಪಿಗೆ ಇಳಿಯುತ್ತದೆ, ಇಲ್ಲವೇ ಪರದೆ ಖಾಲಿಯಾಗುತ್ತದೆ. ಮಾನಕ ಹಾರ್ಡ್‌ವೇರ್‌ನಲ್ಲೇ ಇರುವುದರಿಂದ ಸಾಮಾನ್ಯವಾಗಿ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಇದು ಸರಿಹೋಗುವುದಿಲ್ಲ.

ವೇಗದ ಲೆಕ್ಕ

ಮೂರನೆಯದು ವೇಗ. 2006ರ ಎಚ್‌ಡಿಎಂಐ 1.3 ಮತ್ತು 2009ರ 1.4 ಸೆಕೆಂಡಿಗೆ 10.2 ಗಿಗಾಬಿಟ್ ಸಾಗಿಸಬಲ್ಲವು. 2013ರ 2.0 ಅದನ್ನು 18ಕ್ಕೂ, 2017ರ 2.1 ಅದನ್ನು 48ಕ್ಕೂ ಏರಿಸಿತು. ಸೆಕೆಂಡಿಗೆ 60 ಫ್ರೇಮ್‌ಗಳ 4ಕೆ ಚಿತ್ರವನ್ನು 8 ಬಿಟ್‌ನಲ್ಲಿ, ಬಣ್ಣದ ವಿವರವನ್ನು ಪೂರ್ತಿ ಉಳಿಸಿಕೊಂಡು ಕಳಿಸಲು 17.82 ಗಿಗಾಬಿಟ್ ಬೇಕು. ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುವ 4:2:0 ವಿಧಾನದಲ್ಲಾದರೆ 8.91 ಸಾಕು.

ಎಚ್‌ಡಿಎಂಐ 2.0 ಬಂದ ಹೊಸತರ ಗೊಂದಲಕ್ಕೆ ಮೂಲ ಈ ವ್ಯತ್ಯಾಸ. ಕೆಲವು ರಿಸೀವರ್‌ಗಳು 4:2:0 ವಿಧಾನದ 4ಕೆ ಚಿತ್ರವನ್ನಷ್ಟೇ ದಾಟಿಸುತ್ತಿದ್ದರೂ ಪೆಟ್ಟಿಗೆಯ ಮೇಲೆ 2.0 ಎಂದು ಬರೆದುಕೊಂಡಿದ್ದವು. ಕೆಲವಕ್ಕೆ 18 ಗಿಗಾಬಿಟ್ ವೇಗವಿದ್ದು ಎಚ್‌ಡಿಸಿಪಿ 2.2 ಇರಲಿಲ್ಲ; ಕೆಲವಕ್ಕೆ ಅದಿದ್ದು ವೇಗವಿರಲಿಲ್ಲ. 2020ರಲ್ಲಿ 2.1ರ ಮೊದಲ ರಿಸೀವರ್‌ಗಳು ಬಂದಾಗಲೂ ತೊಡಕು ಮರುಕಳಿಸಿತು. ಹಲವು ಮಾದರಿಗಳಲ್ಲಿದ್ದ ಎಚ್‌ಡಿಎಂಐ ಚಿಪ್‌ನ ದೋಷದಿಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 4ಕೆ 120 ಹರ್ಟ್ಸ್ ಚಿತ್ರ ಟಿವಿಗೆ ತಲುಪದೆ ಪರದೆ ಕಪ್ಪಾಯಿತು. ಕೊಳ್ಳುವವರು ಆವೃತ್ತಿಯ ಸಂಖ್ಯೆಯನ್ನು ನೆಚ್ಚದೆ ಗಿಗಾಬಿಟ್ ವೇಗ, ಎಚ್‌ಡಿಸಿಪಿ ಆವೃತ್ತಿ, ಬೆಳಕು-ಕತ್ತಲಿನ ಹರವನ್ನು ಹಿಗ್ಗಿಸುವ ಎಚ್‌ಡಿಆರ್ ಮತ್ತು ಅದರ ಒಂದು ಬಗೆಯಾದ ಡಾಲ್ಬಿ ವಿಷನ್ ದಾಟಿಸುವ ಶಕ್ತಿ, ಈ ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳಿ ತಿಳಿಯಬೇಕು.

ದಾರಿ ಬೇರ್ಪಡಿಸುವುದು

ಲೇಖಕರ ಮನೆಯ ರಿಸೀವರ್ ಎಚ್‌ಡಿಎಂಐ 1.4ರ ಕಾಲದ್ದು. ಅದಕ್ಕೆ 4ಕೆ ಡಿಸ್ಕ್ ಪ್ಲೇಯರ್ ಸೇರಿಸಿದಾಗ ಧ್ವನಿ ಮೊದಲಿನಷ್ಟೇ ಚೆನ್ನಾಗಿತ್ತು, ಚಿತ್ರ ಮಾತ್ರ 1080ಪಿಗೆ ಇಳಿದು ಎಚ್‌ಡಿಆರ್ ಕಳೆದುಕೊಂಡಿತು. ಪ್ಲೇಯರನ್ನು ನೇರ ಟಿವಿಗೆ ಚುಚ್ಚಿದಾಗ 4ಕೆ, ಎಚ್‌ಡಿಆರ್ ಎರಡೂ ಮರಳಿದವು. ದೋಷ ಎಲ್ಲಿದೆಯೆಂದು ಪತ್ತೆಮಾಡಲು ಇಷ್ಟು ಸರಳವಾದ, ಇಷ್ಟು ಖಚಿತವಾದ ಪರೀಕ್ಷೆ ಬೇರೊಂದಿಲ್ಲ: ನಡುವಿನ ಉಪಕರಣವನ್ನು ತೆಗೆದು ನೋಡುವುದು.

ಪರಿಹಾರಕ್ಕೆ ಎರಡು ದಾರಿಗಳಿವೆ. ಪ್ಲೇಯರಿಗೆ ಎರಡು ಎಚ್‌ಡಿಎಂಐ ಔಟ್‌ಪುಟ್ ಇದ್ದರೆ ಮುಖ್ಯವಾದದ್ದನ್ನು ಟಿವಿಗೂ, ಧ್ವನಿಗೆ ಮೀಸಲಾದದ್ದನ್ನು ರಿಸೀವರಿಗೂ ಸೇರಿಸಬಹುದು. ಹೀಗೆ ಮಾಡಿದರೆ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊದಂಥ ಪೂರ್ಣ ಗುಣಮಟ್ಟದ ಧ್ವನಿ ಹಳೆಯ ರಿಸೀವರಿಗೂ ಸಿಗುತ್ತದೆ. ಒಂದೇ ಔಟ್‌ಪುಟ್ ಇದ್ದರೆ ಎಲ್ಲ ಉಪಕರಣಗಳನ್ನೂ ಟಿವಿಗೆ ಸೇರಿಸಿ, ಟಿವಿಯ ಎಆರ್‌ಸಿ ಎಂದು ಬರೆದ ಪೋರ್ಟಿನಿಂದ ಧ್ವನಿಯನ್ನು ರಿಸೀವರಿಗೆ ಮರಳಿ ತರಬಹುದು. 2009ರ ಎಆರ್‌ಸಿ ಬಹು ಚಾನೆಲ್ ಧ್ವನಿಯನ್ನು ಡಾಲ್ಬಿ ಡಿಜಿಟಲ್ ಪ್ಲಸ್‌ನಂಥ ಸಂಕುಚಿತ ರೂಪದಲ್ಲಷ್ಟೇ ತರುತ್ತದೆ. ಸ್ಟ್ರೀಮಿಂಗ್‌ಗೆ ಇದು ಸಾಕು, ಏಕೆಂದರೆ ಅಲ್ಲಿನ ಡಾಲ್ಬಿ ಅಟ್ಮಾಸ್ ಎಂಬ, ಮೇಲಿನಿಂದಲೂ ಕೇಳಿಸುವ ಧ್ವನಿಯೂ ಹೆಚ್ಚಾಗಿ ಇದೇ ರೂಪದಲ್ಲಿರುತ್ತದೆ. ಟ್ರೂಎಚ್‌ಡಿ ಬೇಕೆಂದರೆ ಟಿವಿ, ರಿಸೀವರ್ ಎರಡರಲ್ಲೂ 2.1ರೊಂದಿಗೆ ಬಂದ ಇಎಆರ್‌ಸಿ ಇರಬೇಕು. ಆಪ್ಟಿಕಲ್ ಕೇಬಲ್‌ನಲ್ಲಿ ಸಾಮಾನ್ಯ 5.1 ಧ್ವನಿ ಸಿಗುತ್ತದೆ, ಅಟ್ಮಾಸ್ ಸಿಗುವುದಿಲ್ಲ.

ದಾರಿಗಳು ಬೇರೆಯಾದಾಗ ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪಬಹುದು. ಟಿವಿ ಚಿತ್ರವನ್ನು ಸಂಸ್ಕರಿಸಲು ತುಸು ಸಮಯ ತೆಗೆದುಕೊಳ್ಳುತ್ತದೆ, ನೇರವಾಗಿ ಬಂದ ಧ್ವನಿ ಮೊದಲೇ ಕೇಳಿಸುತ್ತದೆ. ರಿಸೀವರ್‌ನ ಆಡಿಯೊ ಡಿಲೇ ಸೆಟ್ಟಿಂಗನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ವಾರ್ತೆ ಓದುವವರ ತುಟಿಯನ್ನು ನೋಡಿ ಹೊಂದಿಸಿದರೆ ಇದು ಸರಿಯಾಗುತ್ತದೆ.

ಸೆಟ್ಟಿಂಗ್, ಕರೆಂಟು, ಕೇಬಲ್

ಹೊಸ ಉಪಕರಣಗಳಲ್ಲೂ ಪೂರ್ಣ ವೇಗ ಹಲವು ಬಾರಿ ತಾನಾಗಿ ತೆರೆದಿರುವುದಿಲ್ಲ. ಹಳೆಯ ಉಪಕರಣಗಳೊಂದಿಗೆ ತೊಡಕಾಗದಿರಲೆಂದು ಎಚ್‌ಡಿಎಂಐ ಇನ್‌ಪುಟ್‌ಗಳನ್ನು ಸ್ಟ್ಯಾಂಡರ್ಡ್ ಸ್ಥಿತಿಯಲ್ಲಿ ಇಟ್ಟಿರುತ್ತಾರೆ. ರಿಸೀವರ್‌ನ ವಿಡಿಯೊ ಮೆನುವಿನಲ್ಲಿ ಮತ್ತು ಟಿವಿಯ ಆ ನಿರ್ದಿಷ್ಟ ಪೋರ್ಟಿನಲ್ಲಿ, ಎರಡೂ ಕಡೆ ಅದನ್ನು ಎನ್‌ಹಾನ್ಸ್‌ಡ್ ಸ್ಥಿತಿಗೆ ಬದಲಿಸಬೇಕು. ಎಚ್‌ಡಿಆರ್ ಬರಲಿಲ್ಲವೆಂದು ಹೊಸ ಕೇಬಲ್ ಕೊಳ್ಳುವ ಮೊದಲು ನೋಡಬೇಕಾದದ್ದು ಇದು.

ಕರೆಂಟು ಹೋಗಿ ಬರುವ ಊರುಗಳಲ್ಲಿ ಇನ್ನೊಂದು ತೊಂದರೆಯಿದೆ. ಎಲ್ಲ ಉಪಕರಣಗಳೂ ಒಮ್ಮೆಲೇ ಎದ್ದಾಗ ಒಪ್ಪಂದ ಅರ್ಧಕ್ಕೆ ನಿಂತು ಪರದೆ ಕಪ್ಪಾಗಿ ಉಳಿಯಬಹುದು. ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಪ್ಲೇಯರ್ ಎಂಬ ಕ್ರಮದಲ್ಲಿ ಚಾಲೂ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಹೋಗದಿದ್ದರೆ ಎಲ್ಲದರ ಪ್ಲಗ್ ಕಿತ್ತು ಕೆಲ ನಿಮಿಷ ಬಿಟ್ಟು ಇದೇ ಕ್ರಮವನ್ನು ಮತ್ತೆ ಮಾಡಬೇಕು.

ಕೇಬಲ್‌ಗೆ ಸಂಬಂಧಿಸಿದ ತಿಳಿವಳಿಕೆ ಚಿಕ್ಕದು. 18 ಗಿಗಾಬಿಟ್‌ಗೆ ಪ್ರೀಮಿಯಂ ಹೈ ಸ್ಪೀಡ್, 48ಕ್ಕೆ ಅಲ್ಟ್ರಾ ಹೈ ಸ್ಪೀಡ್ ಎಂಬ ಪ್ರಮಾಣಪತ್ರದ ಲೇಬಲ್ ಇದ್ದರೆ ಸಾಕು. ದುಬಾರಿ ಬೆಲೆಯಿಂದ ಚಿತ್ರ ಮೇಲಾಗುವುದಿಲ್ಲ. ಕೇಬಲ್‌ನ ಶಕ್ತಿ ಸಾಲದಾದಾಗ ಮಿಂಚಿನಂಥ ಚುಕ್ಕೆಗಳು ಕಾಣುತ್ತವೆ ಅಥವಾ ಚಿತ್ರ ಬಂದು ಬಂದು ಹೋಗುತ್ತದೆ. ಪ್ರೊಜೆಕ್ಟರಿಗೆ ಬೇಕಾಗುವ ಉದ್ದದ ಓಟಕ್ಕೆ ಫೈಬರ್ ಎಚ್‌ಡಿಎಂಐ ಸೂಕ್ತ. ಅದಕ್ಕೆ ದಿಕ್ಕಿದೆ: ಒಂದು ತುದಿ ಉಪಕರಣಕ್ಕೆ, ಇನ್ನೊಂದು ಪರದೆಗೆ. ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ. ಮನೆ ಕಟ್ಟುವಾಗ ಕೇಬಲನ್ನೇ ಗೋಡೆಯಲ್ಲಿ ಹೂತು ಗಾರೆ ಮಾಡುವುದಕ್ಕಿಂತ, ಪ್ಲಗ್ ತುದಿ ಸಲೀಸಾಗಿ ದಾಟುವಷ್ಟು ಅಗಲದ ಪೈಪು ಹಾಕಿ ಒಳಗೆ ಎಳೆಯುವ ತಂತಿ ಬಿಡುವುದು ಜಾಣತನ. ಮುಂದಿನ ಮಾನಕ ಬಂದಾಗ ಗೋಡೆ ಒಡೆಯುವ ಕೆಲಸವಿರುವುದಿಲ್ಲ.

ಹಳೆಯ ರಿಸೀವರನ್ನು ಬದಲಿಸಬೇಕೇ ಎಂಬ ಪ್ರಶ್ನೆಗೆ ಉತ್ತರವೂ ಇವುಗಳಲ್ಲೇ ಇದೆ. ಉಪಕರಣಗಳ ಸಂಖ್ಯೆ ಟಿವಿಯ ಪೋರ್ಟ್‌ಗಳಿಗಿಂತ ಹೆಚ್ಚಿದ್ದರೆ, ಅಥವಾ ಒಂದೇ ಪ್ರೊಜೆಕ್ಟರಿಗೆ ಎಲ್ಲವೂ ರಿಸೀವರ್ ಮೂಲಕವೇ ಹೋಗಬೇಕಿದ್ದರೆ ಹೊಸದು ಬೇಕಾಗುತ್ತದೆ. ಉಳಿದ ಮನೆಗಳಲ್ಲಿ ಚಿತ್ರವನ್ನು ನೇರ ಟಿವಿಗೆ ಕೊಟ್ಟು ಧ್ವನಿಯನ್ನಷ್ಟೇ ರಿಸೀವರಿಗೆ ಬಿಟ್ಟರೆ, ಚೆನ್ನಾಗಿ ನುಡಿಯುವ ಹಳೆಯ ಪೆಟ್ಟಿಗೆ ಇನ್ನೂ ಹಲವು ವರ್ಷ ದುಡಿಯುತ್ತದೆ.