ಅಮೀನುಗಳ ಬಣ್ಣ ಪರೀಕ್ಷೆ

ಅಮೋನಿಯದ ಅಣುವಿನಲ್ಲಿ ಜಲಜನಕದ ಮೂರು ಪರಮಾಣುಗಳಿವೆ. ಅವುಗಳಲ್ಲಿ ಒಂದರ ಸ್ಥಾನದಲ್ಲಿ ಇಂಗಾಲದ ಗುಂಪೊಂದು ಬಂದು ನಿಂತರೆ ಪ್ರಾಥಮಿಕ ಅಮೀನು. ಎರಡರಲ್ಲಿ ನಿಂತರೆ ದ್ವಿತೀಯಕ. ಮೂರರಲ್ಲಿಯೂ ನಿಂತರೆ ತೃತೀಯಕ. ಕಾಗದದ ಮೇಲೆ ಇದು ಸುಲಭ. ಆದರೆ ಅಧ್ಯಾಪಕರು ಕೊಟ್ಟ ಪ್ರನಾಳದಲ್ಲಿರುವ ಕಂದು ದ್ರವ ಯಾವ ವರ್ಗಕ್ಕೆ ಸೇರಿದುದೆಂದು ತಿಳಿಯುವುದು ಹೇಗೆ?

ಇದಕ್ಕೆ ನೈಟ್ರಸ್ ಆಮ್ಲವೇ ನಮ್ಮ ಹಳೆಯ ಸಾಧನ. ಅದು ಸೀಸೆಯಲ್ಲಿ ಕೂಡಿಟ್ಟುಕೊಳ್ಳುವ ವಸ್ತುವಲ್ಲ. ಸೋಡಿಯಂ ನೈಟ್ರೈಟಿಗೆ ಹೈಡ್ರೊಕ್ಲೋರಿಕ್ ಆಮ್ಲವನ್ನು ಸೇರಿಸಿ ಬೇಕಾದಾಗ ಉಂಟುಮಾಡಿಕೊಳ್ಳಬೇಕು. ಅನಿಲೀನನ್ನು ಆಮ್ಲದಲ್ಲಿ ಕರಗಿಸಿ, ಮಂಜುಗಡ್ಡೆಯಲ್ಲಿಟ್ಟು 0ರಿಂದ 5 ಡಿಗ್ರಿ ಸೆಂಟಿಗ್ರೇಡಿಗೆ ತಣಿಸಿ, ನೈಟ್ರೈಟಿನ ದ್ರಾವಣವನ್ನು ತೊಟ್ಟುತೊಟ್ಟಾಗಿ ಹಾಕಿದರೆ ಡೈಅಜೋನಿಯಂ ಲವಣ ದೊರೆಯುತ್ತದೆ. ಈ ಬಗೆಯ ಸಂಯುಕ್ತಗಳನ್ನು ಪೀಟರ್ ಗ್ರೀಸ್ 1858ರಲ್ಲಿ ಕಂಡುಹಿಡಿದನು. ಕ್ಷಾರದಲ್ಲಿ ಕರಗಿಸಿದ ಬೀಟಾ-ನ್ಯಾಫ್ತಾಲಿಗೆ ಇದನ್ನು ಸುರಿದೊಡನೆಯೇ ಕಿತ್ತಳೆಗೆಂಪಿನ ಪ್ರಕ್ಷೇಪ ಮೂಡುತ್ತದೆ. ಪ್ರಾಥಮಿಕ ಆರೊಮ್ಯಾಟಿಕ್ ಅಮೀನಿಗೆ ಇದೇ ಗುರುತು. ಈಥೈಲ್ ಅಮೀನಿನಂಥವು ಈ ಬಣ್ಣವನ್ನು ಕೊಡವು. ಅವುಗಳ ಡೈಅಜೋನಿಯಂ ಲವಣ ತಂಪಿನಲ್ಲಿಯೂ ನಿಲ್ಲದೆ ಒಡೆದು, ಸಾರಜನಕದ ಗುಳ್ಳೆಗಳು ಏಳುತ್ತವೆ.

ನಾವು ವಿದ್ಯಾರ್ಥಿಗಳಾಗಿದ್ದಾಗ ಎಡವಿದುದು ಇಲ್ಲಿಯೇ. ಬೇಸಗೆಯ ಮಧ್ಯಾಹ್ನ, ಮಂಜುಗಡ್ಡೆ ಕರಗಿ ನೀರಾಗಿತ್ತು. ಅನಿಲೀನೇ ಗುಳ್ಳೆಗಳನ್ನು ಬಿಟ್ಟಿತು. ಈಥೈಲ್ ಅಮೀನಿನ ಬಳಗದ್ದೆಂದು ಬರೆದುಕೊಟ್ಟು ಅಂಕಗಳನ್ನು ಕಳೆದುಕೊಂಡೆವು. ಬಿಸಿಗೆ ಡೈಅಜೋನಿಯಂ ಲವಣ ಒಡೆದು ಫೀನಾಲಾಗಿದ್ದಿತು. ಕಾರ್ಬಾಲಿಕ್ ವಾಸನೆ ಮೂಗಿಗೆ ಬಡಿದರೂ ಅದರ ಅರ್ಥ ನಮಗೆ ಹೊಳೆಯಲಿಲ್ಲ. ಉಳಿದ ಈ ಲವಣವನ್ನು ಒಣಗಿಸಿ ಇಡಬಾರದೆಂಬುದನ್ನೂ ಇಲ್ಲಿಯೇ ಹೇಳಬೇಕು. ಒಣಗಿದರೆ ಅದು ಸಿಡಿಯಬಲ್ಲದು.

ತೃತೀಯಕವಾದ ಡೈಮೆಥೈಲ್ ಅನಿಲೀನು ನೈಟ್ರಸ್ ಆಮ್ಲದೊಡನೆ ಕಿತ್ತಳೆಗಂದು ಬಣ್ಣಕ್ಕೆ ತಿರುಗಿ, ಕ್ಷಾರ ಬೆರೆಸಿದಾಗ ಹಸುರಾಗುತ್ತದೆ. ದ್ವಿತೀಯಕ ಅಮೀನು ಹಳದಿಯ ಎಣ್ಣೆಯನ್ನು ಕೊಡುತ್ತದೆ. ಈ ಎಣ್ಣೆಯೇ ನೈಟ್ರೊಸಮೀನ್. ಇವುಗಳಲ್ಲೊಂದಾದ ಡೈಮೆಥೈಲ್ ನೈಟ್ರೊಸಮೀನು ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳನ್ನುಂಟುಮಾಡುತ್ತದೆಂದು ಮ್ಯಾಗೀ ಮತ್ತು ಬಾರ್ನ್ಸ್ 1956ರಲ್ಲಿ ತೋರಿಸಿದರು. ಆದುದರಿಂದ ಪುಸ್ತಕದಲ್ಲಿದೆಯೆಂದು ಈ ಎಣ್ಣೆಯನ್ನು ಮಾಡಿ ನೋಡುವುದು ನಮಗೆ ಸಮ್ಮತವಲ್ಲ. ಈಥೈಲ್ ಗುಂಪಿನಂಥವೇ ಇರುವ ದ್ವಿತೀಯಕ ಅಮೀನುಗಳಿಗೆ ಬೇರೆ ದಾರಿಯುಂಟು: ಸೋಡಿಯಂ ನೈಟ್ರೊಪ್ರುಸೈಡ್, ಅಸಿಟಾಲ್ಡಿಹೈಡ್ ಮತ್ತು ಸೋಡಿಯಂ ಕಾರ್ಬೊನೇಟ್ ಸೇರಿಸಿದರೆ ನೀಲಿಯ ಬಣ್ಣ ಬರುತ್ತದೆ. ನೈಟ್ರೊಪ್ರುಸೈಡೂ ವಿಷವೇ, ಒಂದೆರಡು ತೊಟ್ಟು ಸಾಕು.

ಇನ್ನೊಂದು ತೊಡಕುಂಟು. ಮೆಥೈಲ್ ಅನಿಲೀನು ದ್ವಿತೀಯಕ. ಆದರೆ ಅದರಲ್ಲಿ ಅನಿಲೀನಿನ ಸುಳಿವಿದ್ದರೂ ನ್ಯಾಫ್ತಾಲು ತೆಳುವಾದ ಕಿತ್ತಳೆ ಬಣ್ಣವನ್ನು ತಾಳುತ್ತದೆ. ಬಣ್ಣ ತೆಳುವಾಗಿ ಬಂದಾಗ ಉತ್ತರ ಬರೆಯುವ ಮೊದಲು, ಶುದ್ಧವೆಂದು ತಿಳಿದ ಅನಿಲೀನನ್ನು ಅಷ್ಟೇ ಪ್ರಮಾಣದಲ್ಲಿ ಪಕ್ಕದ ಪ್ರನಾಳದಲ್ಲಿ ಪರೀಕ್ಷಿಸಿ, ಎರಡನ್ನೂ ಬಿಳಿಯ ಕಾಗದದ ಮುಂದೆ ಹಿಡಿದು ನೋಡಬೇಕು.